ಆಪರೇಷನ್‌ಗೆ ಮುಂಚೆ ಅಪ್ಪನ ಜೊತೆ ನಾಲ್ಕು ಊರು

"ಡಾಕ್ಟ್ರು ಡೇಟ್ ಕೊಟ್ಟಾಯ್ತಲ್ಲ, ಅದಕ್ಕೆ ಮುಂಚೆ ಒಂದ್ಸಲ ಸುತ್ತಾಡ್ಕೊಂಡು ಬರೋಣ" ಅಂತ ಅಪ್ಪ ಫೋನ್ ಮಾಡಿದಾಗ, ಧರ್ಮಸ್ಥಳಕ್ಕೋ ತಿರುಪತಿಗೋ ಇರಬೇಕು ಅಂದುಕೊಂಡೆ. "ಎಲ್ಲಿಗಪ್ಪ?" ಅಂದರೆ, "ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ" ಅಂದರು. ತುಮಕೂರಿನ ನಮ್ಮ ಮನೆಯಿಂದ ಕೊರಟಗೆರೆಗೆ ಒಂದು ಗಂಟೆಯ ದಾರಿಯೂ ಇಲ್ಲ. ಆದರೆ ಅಪ್ಪನ ಮೂವತ್ತು ಚಿಲ್ಲರೆ ವರ್ಷದ ಸರ್ವೀಸು ಕಳೆದಿದ್ದು ಈ ನಾಲ್ಕು ತಾಲ್ಲೂಕಿನ ಕಂಬಗಳ ಮೇಲೆಯೇ. ಅವರು ಕೆಇಬಿ ಲೈನ್‌ಮನ್. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ನಮ್ಮ ಕಡೆಗೆ ಬೆಸ್ಕಾಂ ಬಂತು. ಅಪ್ಪನ ಬಾಯಲ್ಲಿ ಇವತ್ತಿಗೂ ಕೆಇಬಿಯೇ.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ಆರಕ್ಕೇ ಹೊರಟೆವು. ಅಮ್ಮ ಬರಲಿಲ್ಲ, "ಗೊರವನಹಳ್ಳಿ ಲಕ್ಷ್ಮಮ್ಮನ ಕುಂಕುಮ ತಗೊಂಬನ್ನಿ" ಅಂದಳು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಏನೇ ಮಾಡಿದರೂ ಮೊದಲು ಪ್ಲಾನ್ ಬೇಕು. ಈ ಸಲ ನನ್ನ ಪ್ಲಾನಿನಲ್ಲಿ ಇದ್ದದ್ದು ದೇವಸ್ಥಾನ, ಹೋಟೆಲ್ಲುಗಳಲ್ಲ, ಟಾಯ್ಲೆಟ್ಟುಗಳು. ಅಪ್ಪನಿಗೆ ಒಂದು ಗಂಟೆಗಿಂತ ಹೆಚ್ಚು ತಡೆಯೋಕಾಗಲ್ಲ. ಯಾವ ಪೆಟ್ರೋಲ್ ಬಂಕ್, ಯಾವ ಬಸ್‌ಸ್ಟ್ಯಾಂಡ್ ಅಂತ ಮೊಬೈಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಅಪ್ಪ ಅದನ್ನು ನೋಡಿ, "ಇದಕ್ಕೂ ಮ್ಯಾಪಾ?" ಅಂತ ನಕ್ಕರು.

ಕಾಯಿಲೆಯ ಕತೆ ಸ್ವಲ್ಪ ಹೇಳಬೇಕು. ಅಪ್ಪನಿಗೆ 63 ಆದಾಗ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳೋದು ಶುರುವಾಯ್ತು. ರಕ್ತ ಪರೀಕ್ಷೆ ಮಾಡಿಸಿದರೆ ಪಿಎಸ್‌ಎ 6.2. ಎಂಆರ್‌ಐ, ಬಯಾಪ್ಸಿ ಆಯ್ತು. ಪ್ರಾಸ್ಟೇಟ್ ಕ್ಯಾನ್ಸರ್ ಅಂದರು. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ. ರಾತ್ರಿ ಏಳೋದು ವಯಸ್ಸಿಗೆ ಗ್ರಂಥಿ ದಪ್ಪಗಾಗಿದ್ದರಿಂದ, ಕ್ಯಾನ್ಸರ್ ಅದರ ಜೊತೆಗೆ ಸಿಕ್ಕಿದ್ದು ಅಷ್ಟೇ ಎಂದು ಡಾಕ್ಟರು ಬಿಡಿಸಿ ಹೇಳಿದರು. 12 ಚೂರು ತೆಗೆದಿದ್ದರಲ್ಲಿ 2ರಲ್ಲಿ ಮಾತ್ರ ಕ್ಯಾನ್ಸರ್, ಗ್ಲೀಸನ್ ಸ್ಕೋರ್ 3+3=6. ಅಂದರೆ ನಿಧಾನವಾಗಿ ಬೆಳೆಯುವ ಜಾತಿ. "ಈಗಲೇ ಕತ್ತರಿ ಹಾಕೋದು ಬೇಡ, ಕಣ್ಣಿಟ್ಟಿರೋಣ" ಅಂದರು. ಇದಕ್ಕೆ ಆಕ್ಟಿವ್ ಸರ್ವೆಲೆನ್ಸ್ ಅಂತ ಹೆಸರು. ಆರು ತಿಂಗಳಿಗೊಮ್ಮೆ ಪಿಎಸ್‌ಎ, ನಡುವೆ ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ.

ನಾನು ಒಂದು ಎಕ್ಸೆಲ್ ಶೀಟ್ ಮಾಡಿದೆ. 6.2, 6.0, 6.8, 7.1, 7.4. ಎರಡೂವರೆ ವರ್ಷ ಗೆರೆ ಹೆಚ್ಚು ಕಮ್ಮಿ ಚಪ್ಪಟೆಯಾಗಿಯೇ ಇತ್ತು. ಆಮೇಲೆ ಒಂದು ಸಲ 9.6 ಬಂತು. ಎಂಆರ್‌ಐನಲ್ಲಿ ಹೊಸ ಕಲೆ, ಬಯಾಪ್ಸಿಯಲ್ಲಿ 5 ಚೂರುಗಳಲ್ಲಿ ಕ್ಯಾನ್ಸರ್, ಸ್ಕೋರ್ 4+3=7. ಹೊರಗೆ ಎಲ್ಲೂ ಹರಡಿಲ್ಲ. ಆಪರೇಷನ್ ಅಥವಾ ರೇಡಿಯೇಷನ್, ಎರಡರಲ್ಲೊಂದು ಮಾಡಲೇಬೇಕು ಅಂದರು. ಎರಡೂ ಕಡೆಯ ಡಾಕ್ಟರ ಹತ್ತಿರ ಕೂತು ಮಾತಾಡಿ, ಅಪ್ಪ ಆಪರೇಷನ್ ಆರಿಸಿಕೊಂಡರು.

ನೆಂಟರ ಬಾಯಿ ಸುಮ್ಮನಿರಲಿಲ್ಲ. "ಎರಡೂವರೆ ವರ್ಷ ಕ್ಯಾನ್ಸರ್ ಹೊಟ್ಟೇಲಿಟ್ಕೊಂಡು ಕೂತಿದ್ರಾ? ಓದಿರೋ ಮಗ ಏನ್ ಮಾಡ್ತಿದ್ದ?" ಅಂತ ಒಬ್ಬರು ನನ್ನ ಮುಂದೆಯೇ ಅಂದರು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು. ಕಾಯೋಣ ಅಂತ ಅಪ್ಪನನ್ನು ಒಪ್ಪಿಸಿದ್ದು ನಾನೇ.

ಕೊರಟಗೆರೆಯಲ್ಲಿ ತಟ್ಟೆ ಇಡ್ಲಿ ತಿಂದು ಸಿದ್ಧರಬೆಟ್ಟದ ಕಡೆ ತಿರುಗಿದೆವು. ಗುಹೆ, ಗವಿಯೊಳಗಿನ ನೀರು, ಸಿದ್ದೇಶ್ವರ ಸ್ವಾಮಿ, ಗಿಡಮೂಲಿಕೆ ಎಲ್ಲದಕ್ಕೂ ಹೆಸರಾದ ಬೆಟ್ಟ. ಅಪ್ಪ ಅರ್ಧ ಮೆಟ್ಟಿಲು ಹತ್ತಿ ನೆರಳಲ್ಲಿ ಕೂತರು. ಇಲ್ಲಿನ ಸೊಪ್ಪು ತಂದು ಕಷಾಯ ಕುಡಿಸಿ ಅಂತ ನಮಗೆ ಹೇಳಿದವರು ಕಮ್ಮಿ ಜನ ಅಲ್ಲ. ಅಪ್ಪನಿಗೆ ಈ ಬೆಟ್ಟದ ಮೇಲೆ ಭಕ್ತಿಯಿದೆ, ಆದರೆ ಕಷಾಯಕ್ಕೆ ಒಪ್ಪಿರಲಿಲ್ಲ. "ಕುಡಿದು ಪಿಎಸ್‌ಎ ಏರುಪೇರಾದ್ರೆ, ಕಾಯಿಲೇದೋ ಸೊಪ್ಪಿಂದೋ ಅಂತ ಹೆಂಗೋ ಗೊತ್ತಾಗೋದು?" ಅಂದಿದ್ದರು. ಹತ್ತನೇ ಕ್ಲಾಸ್, ಐಟಿಐ ಮಾಡಿದ ಮನುಷ್ಯ. ನಮ್ಮ ಆಫೀಸಿನಲ್ಲಿ ಇಷ್ಟು ಸರಿಯಾಗಿ ಯೋಚನೆ ಮಾಡುವವರು ಸುಲಭಕ್ಕೆ ಸಿಗಲ್ಲ.

ಗೊರವನಹಳ್ಳಿಯಲ್ಲಿ ಕುಂಕುಮ ತೆಗೆದುಕೊಂಡು ಮಧುಗಿರಿ ತಲುಪುವಾಗ ಬಿಸಿಲೇರಿತ್ತು. ಊರು ಬರುವುದಕ್ಕೆ ಎಷ್ಟೋ ಮುಂಚೆಯೇ ಆ ಒಂಟಿ ಕಲ್ಲು ಕಾಣಿಸುತ್ತದೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲಾ ಬೆಟ್ಟ ಅಂತ ಹೆಸರು, ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಕೋಟೆಯ ಬಾಗಿಲುಗಳನ್ನು ದಾಟಿ ಮೇಲೆ ಹೋಗುತ್ತಾ ಬರೀ ಬಂಡೆಯ ಮೇಲೆ, ಕಬ್ಬಿಣದ ಕಂಬಿ ಹಿಡಿದು ಹತ್ತಬೇಕು. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಬಾಗಿಲವರೆಗೂ ಹತ್ತಿದ್ದರಂತೆ. ಈ ಸಲ ಬುಡದಲ್ಲಿಯೇ ನಿಂತು ತಲೆಯೆತ್ತಿ ನೋಡಿದರು.

ಮಧುಗಿರಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರಿದ್ದಾರೆ. ಅವರನ್ನು ನೋಡೋದಿದೆ ಅಂತ ಅಪ್ಪ ಮೊದಲೇ ಹೇಳಿದ್ದರು, ಯಾಕೆ ಅಂತ ಹೇಳಿರಲಿಲ್ಲ. ಮನೆ ಮುಂದೆ ಹುಣಸೆಹಣ್ಣು ರಾಶಿ ಹಾಕಿಕೊಂಡು ಹೆಂಗಸರು ಬೀಜ ಬಿಡಿಸುತ್ತಿದ್ದರು. ಅವರು ಒಳಗೆ ಮಂಚದ ಮೇಲೆ ಒರಗಿ ಕೂತಿದ್ದರು. ಅವರದ್ದೂ ಪ್ರಾಸ್ಟೇಟ್ ಕ್ಯಾನ್ಸರೇ. ಒಂದು ವರ್ಷ ಸೊಂಟನೋವು ಅಂತ ಎಣ್ಣೆ ತಿಕ್ಕಿಸಿಕೊಂಡಿದ್ದರಂತೆ. ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಮೂಳೆಗೆ ಹರಡಿತ್ತು. ಅಷ್ಟು ಹೊತ್ತಿಗೆ ಆಪರೇಷನ್ನಿನ ಮಾತೇ ಇರಲಿಲ್ಲ. ಈಗ ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್, ಅದರಿಂದ ನೋವು ಎಷ್ಟೋ ಹತೋಟಿಗೆ ಬಂದಿದೆ.

ಅಪ್ಪ ತಮ್ಮ ಕತೆ ಹೇಳಿದರು. ಅವರು ಕೇಳಿ, "ನಿಂಗೆ ಕಾಯೋಕಾದ್ರೂ ಟೈಮ್ ಸಿಕ್ತು ಬಿಡಪ್ಪ. ಕಾಯೋಕೂ ಮೊದ್ಲು ಗೊತ್ತಾಗ್ಬೇಕಲ್ಲ" ಅಂದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಹೊರಡುವಾಗ ಇಬ್ಬರೂ ಕೈ ಹಿಡಿದುಕೊಂಡು ತುಂಬಾ ಹೊತ್ತು ಮಾತಿಲ್ಲದೆ ಕೂತಿದ್ದರು.

ಕಾರಿನಲ್ಲಿ ನಾನು ನೆಂಟರ ಆ ಮಾತನ್ನು ಎತ್ತಿದೆ. "ಅಪ್ಪ, ಅವತ್ತೇ ಆಪರೇಷನ್ ಮಾಡಿಸಿಬಿಡಬೇಕಿತ್ತಾ?" ಅಪ್ಪ ಕಿಟಕಿಯಾಚೆ ಓಡುತ್ತಿದ್ದ ಕಂಬಗಳನ್ನು ನೋಡುತ್ತಲೇ ಹೇಳಿದರು. "ಮಳೆಗಾಲಕ್ಕೆ ಮುಂಚೆ ನಾವು ಲೈನ್ ಉದ್ದಕ್ಕೂ ನಡೆದು ನೋಡ್ತಿದ್ವಿ. ಪಿಂಗಾಣಿ ಮೇಲೆ ಸಣ್ಣ ಗೀರು ಕಂಡರೆ ಬರ್ಕೊಳ್ಳೋದು. ಕಂಡಿದ್ದಕ್ಕೆಲ್ಲ ಎಲ್‌ಸಿ ತಗೊಂಡು ಕರೆಂಟ್ ತೆಗೆದ್ರೆ ಹತ್ತು ಹಳ್ಳಿ ಕತ್ತಲೆ, ಹೊಲಕ್ಕೆ ನೀರಿಲ್ಲ. ಆದ್ರೆ ಬಿರುಕು ಬಿಟ್ಟಿದ್ದು ಕಂಡ್ಮೇಲೆ ಒಂದಿನಾನೂ ಬಿಡ್ತಿರ್ಲಿಲ್ಲ. ನಡೆದು ನೋಡಿದ್ದು ದಂಡ ಅಂತ ಯಾರಾದ್ರೂ ಅಂತಾರಾ?" ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕರೆಂಟ್ ತೆಗೆಸಿದ್ದು ಖಾತ್ರಿಯಾದ ಮೇಲೆಯೇ ಕಂಬ ಹತ್ತಬೇಕು ಅನ್ನುವ ನಿಯಮ.

ನಾನು ಓದಿದ್ದೂ ಅದೇ. ಬ್ರಿಟನ್ನಿನಲ್ಲಿ ಪ್ರಾಸ್ಟೇಟ್‌ನಲ್ಲಿ ಮಾತ್ರ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದನ್ನು ಬರೀ ನಿಗಾದಲ್ಲಿ ಇಟ್ಟು 15 ವರ್ಷ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆ ಕಾಯಿಲೆಯಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಮೂರರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ಹತ್ತಕ್ಕೆ ಆರು ಜನ ಆ ಅವಧಿಯಲ್ಲಿ ಚಿಕಿತ್ಸೆಗೆ ಬದಲಾಗಿದ್ದರು. ಕಾಯಿಲೆ ಹರಡಿದ್ದು ಮಾತ್ರ ಆ ಗುಂಪಿನಲ್ಲಿ ಹೆಚ್ಚು, ನೂರಕ್ಕೆ ಒಂಬತ್ತು. ಉಳಿದೆರಡರಲ್ಲಿ ಐದು. ಅದಕ್ಕೇ ಪರೀಕ್ಷೆ ತಪ್ಪಿಸಬಾರದು ಅನ್ನೋದು. ಇದನ್ನೆಲ್ಲ ಓದಿಯೇ ಅಪ್ಪನನ್ನು ಒಪ್ಪಿಸಿದ್ದರೂ, ಮನಸ್ಸಿಗೆ ಸಮಾಧಾನ ಆಗಿದ್ದು ಪಿಂಗಾಣಿಯ ಮಾತು ಕೇಳಿದ ಮೇಲೆ.

ಮಿಡಿಗೇಶಿ ದಾಟಿದ ಮೇಲೆ ರಸ್ತೆ ಸ್ವಲ್ಪ ದೂರ ಆಂಧ್ರದೊಳಗೆ ಹೋಗಿ, ಮಡಕಶಿರಾ ಕಡೆಯಿಂದ ಮತ್ತೆ ಪಾವಗಡಕ್ಕೆ ಬರುತ್ತದೆ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು. ಟೀ ಅಂಗಡಿಯಲ್ಲಿ ಅಪ್ಪ ಹಳೆಯ ತೆಲುಗು ತೆಗೆದು ಮಾತಾಡಿದರು. ರಾತ್ರಿ ಅಲ್ಲೇ ಉಳಿದು, ಬೆಳಗ್ಗೆ ಶನಿ ಮಹಾತ್ಮನಿಗೆ ಕೈಮುಗಿದು ತಿರುಮಣಿ ಕಡೆ ಹೊರಟೆವು. ಒಂದು ತಿರುವು ದಾಟಿದರೆ ಕಣ್ಣಿಗೆ ಕಾಣುವಷ್ಟು ದೂರಕ್ಕೂ ಸೋಲಾರ್ ಫಲಕಗಳು. 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯ್ತು. ಜಮೀನು ಕೊಂಡಿದ್ದಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದಿದ್ದು.

"ಇಲ್ಲಿ ಒಂದು ಪಂಪ್‌ಸೆಟ್ ಓಡಿಸೋಕೆ ವೋಲ್ಟೇಜ್ ಇರ್ತಿರ್ಲಿಲ್ಲ ಕಣೋ. ರೈತರು ನನ್ನ ಬೈಯ್ದಿದ್ದು ಅಷ್ಟಿಷ್ಟಲ್ಲ" ಅಂದರು ಅಪ್ಪ. ಹಾಗೇ ಬೇಲಿ ಪಕ್ಕ ನಿಂತಿದ್ದವರು ಸ್ವಲ್ಪ ಹೊತ್ತಿಗೆ, ನನ್ನ ಮುಖ ನೋಡದೆ ಕೇಳಿದರು. "ಆಪರೇಷನ್ ಆದ್ಮೇಲೆ ಬಟ್ಟೇಲೇ ಆಗ್ಬಿಡುತ್ತಂತೆ, ಹೌದಾ?"

ಎರಡೂವರೆ ವರ್ಷದಲ್ಲಿ ಒಮ್ಮೆಯೂ ನಾವು ಮಾತಾಡದ ವಿಷಯ ಅದು. ಸಾವಿನ ಬಗ್ಗೆ ಕೂಡ ತಮಾಷೆ ಮಾಡುತ್ತಿದ್ದ ಮನುಷ್ಯ ಹೆದರಿದ್ದು ಇದಕ್ಕೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮೊಮ್ಮಕ್ಕಳ ಮುಂದೆ ಪಂಚೆ ಒದ್ದೆಯಾದರೆ?

ನನಗೂ ನಾಚಿಕೆಯಾಯಿತು. ಆದರೂ ಗೊತ್ತಿದ್ದದ್ದನ್ನು ಮುಚ್ಚಿಡದೆ ಹೇಳಿದೆ. ಆಪರೇಷನ್ ಆದ ಮೇಲೆ ಒಂದೆರಡು ವಾರ ಕ್ಯಾಥೆಟರ್ ಇರುತ್ತದೆ. ಅದನ್ನು ತೆಗೆದ ಮೇಲೆ ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುತ್ತದೆ, ಪ್ಯಾಡ್ ಹಾಕಿಕೊಳ್ಳಬೇಕಾಗುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹತೋಟಿ ಬರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ, ಒಂದಷ್ಟು ಜನರಿಗೆ ಪೂರ್ತಿ ಬರದೆಯೂ ಉಳಿಯಬಹುದು. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ದಿನಾ ಬಿಗಿ ಹಿಡಿದು ಬಿಡುವ ಕೆಗೆಲ್ ವ್ಯಾಯಾಮವನ್ನು ಈಗಿನಿಂದಲೇ ಶುರುಮಾಡಿದರೆ ಅನುಕೂಲ. ಇನ್ನು ಗಂಡ ಹೆಂಡತಿಯ ವಿಷಯ. ಅದಕ್ಕೆ ಬೇಕಾದ ನರಗಳು ಗ್ರಂಥಿಗೆ ಅಂಟಿಕೊಂಡೇ ಇರುತ್ತವೆ, ಉಳಿಸಲು ನೋಡುತ್ತಾರೆ, ಖಾತ್ರಿ ಕೊಡಲಾರರು. "ಇದನ್ನು ಡಾಕ್ಟರ ಹತ್ತಿರ ನೀವೇ ಕೇಳಿ. ಅಮ್ಮನಿಗೂ ಒಂದು ಮಾತು ಹೇಳಿ" ಅಂದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮಂಗೆ ಹೇಳೋದೇ ಕಷ್ಟ" ಅಂದರು. ಆಮೇಲೆ ಅವರೇ ನಕ್ಕರು. ನನಗೂ ನಗು ಬಂತು.

ಮಡಕಶಿರಾ ಮೇಲೆ ಶಿರಾಕ್ಕೆ ಬಂದೆವು. ಒಂದು ಕಾಲಕ್ಕೆ ಮೊಘಲರ ಪ್ರಾಂತ್ಯದ ರಾಜಧಾನಿಯಾಗಿದ್ದ ಊರು. ಕೋಟೆ, ಮಲಿಕ್ ರೆಹಾನ್ ದರ್ಗಾ ನೋಡಿ, ಕಗ್ಗಲಡುವಿಗೆ ಹೋದೆವು. ಊರೊಳಗಿನ ಹುಣಸೆಮರಗಳ ತುಂಬಾ ಬಣ್ಣದ ಕೊಕ್ಕರೆಗಳು. 1999ರಲ್ಲಿ ಹೊರಗಿನವರಿಗೆ ಗೊತ್ತಾಗುವ ಮುಂಚಿನಿಂದಲೂ ಇವನ್ನು ಕಾಪಾಡಿಕೊಂಡು ಬಂದವರು ಈ ಊರಿನ ಜನ. ಮರದ ಕೆಳಗೆ ಹಿಕ್ಕೆಯ ವಾಸನೆ, ಮೇಲೆ ಮರಿಗಳ ಗಲಾಟೆ. ಅಪ್ಪ ಕಟ್ಟೆಯ ಮೇಲೆ ಕೂತು ಕೆಗೆಲ್ ವ್ಯಾಯಾಮ ಶುರುಮಾಡಿದ್ದರು. ಹೊರಗೆ ನೋಡುವವರಿಗೆ ಏನೂ ಗೊತ್ತಾಗಲ್ಲ. "ಹತ್ತಾಯ್ತು" ಅಂತ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಆಪರೇಷನ್ ಆಗಿ ಈಗ ನಾಲ್ಕು ತಿಂಗಳು. ಕ್ಯಾಥೆಟರ್ ಹತ್ತನೇ ದಿನ ತೆಗೆದರು. ಮೊದಲ ವಾರಗಳು ಸುಲಭವಿರಲಿಲ್ಲ, ದಿನಕ್ಕೆ ನಾಲ್ಕು ಪ್ಯಾಡ್ ಬೇಕಾಗುತ್ತಿತ್ತು. ಒಂದು ರಾತ್ರಿ ಹಾಸಿಗೆ ಒದ್ದೆಯಾಗಿ ಅಪ್ಪ ಅತ್ತರು ಅಂತ ಅಮ್ಮ ಹೇಳಿದಳು. ಈಗ ಒಂದು ಪ್ಯಾಡ್ ಸಾಕು, ಅದೂ ಹೊರಗೆ ಹೋಗುವಾಗ. ಇನ್ನೊಂದು ವಿಷಯಕ್ಕೆ ಕಾಯಬೇಕು ಅಂದಿದ್ದಾರೆ ಡಾಕ್ಟರು, ಅಮ್ಮನಿಗೂ ಗೊತ್ತು. ಮೂರನೇ ತಿಂಗಳ ಪಿಎಸ್‌ಎ 0.1ಕ್ಕಿಂತ ಕಡಿಮೆ ಬಂತು. ಇನ್ನೂ ಹಲವು ವರ್ಷ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ನನ್ನ ಎಕ್ಸೆಲ್ ಶೀಟಿನಲ್ಲಿ ಹೊಸ ಸಾಲು ಶುರುವಾಗಿದೆ.

ನಿಮ್ಮ ಮನೆಯಲ್ಲೂ ಐವತ್ತು ದಾಟಿದ ಅಪ್ಪ, ದೊಡ್ಡಪ್ಪ, ಮಾವ ಇರಬಹುದು. ಪಿಎಸ್‌ಎ ಪರೀಕ್ಷೆ ಬೇಕೇ ಅಂತ ಒಂದು ಸಲ ಡಾಕ್ಟರನ್ನು ಕೇಳಿಸಿ. ಮೂತ್ರದ ತೊಂದರೆ, ಬಿಡದ ಸೊಂಟನೋವು ಇದ್ದರೆ ವಯಸ್ಸಿನ ತಲೆಗೆ ಕಟ್ಟಬೇಡಿ. "ಕಣ್ಣಿಟ್ಟಿರೋಣ" ಅಂತ ಡಾಕ್ಟರು ಅಂದರೆ ಹೆದರಬೇಡಿ, ಆದರೆ ಒಂದು ತಾರೀಖನ್ನೂ ತಪ್ಪಿಸಬೇಡಿ. ಕೇಳಲು ಅವರಿಗೆ ನಾಚಿಕೆಯಾಗುವ ಪ್ರಶ್ನೆ ಇರುತ್ತದೆ. ಕಾರಿನಲ್ಲಿ ಕೂರಿಸಿಕೊಂಡು ಅವರು ಕೆಲಸ ಮಾಡಿದ ಊರಿಗೆ ಹೋಗಿಬನ್ನಿ, ದಾರಿಯಲ್ಲಿ ಎಲ್ಲೋ ಒಂದು ಕಡೆ ಕೇಳಿಯಾರು.

ಮುಂದಿನ ತಿಂಗಳು ನಾವು ಮಧುಗಿರಿಗೆ ಮತ್ತೆ ಹೋಗುತ್ತಿದ್ದೇವೆ. ಅಪ್ಪನ ಸ್ನೇಹಿತರಿಗೆ ಇಂಜೆಕ್ಷನ್ ತಾರೀಖು ಇದೆ, ಬೆಂಗಳೂರಿಗೆ ಕರೆದುಕೊಂಡು ಬರಬೇಕು. ಟಾಯ್ಲೆಟ್ ಮ್ಯಾಪ್ ಅಪ್‌ಡೇಟ್ ಮಾಡಿಟ್ಕೋ ಅಂತ ಅಪ್ಪ ಈಗಾಗಲೇ ಹೇಳಿದ್ದಾರೆ.