ಅಭಿಜ್ಞಾನ

ದುಷ್ಯಂತನಿಗೆ ಶಕುಂತಲೆಯ ನೆನಪನ್ನು ತಂದುಕೊಟ್ಟುದು ಮೀನಿನ ಹೊಟ್ಟೆಯಲ್ಲಿ ದೊರೆತ ಉಂಗುರ. ಸೀತೆಯು ಹನುಮಂತನನ್ನು ನಂಬಿದುದು ರಾಮನ ಮುದ್ರಿಕೆಯನ್ನು ಕಂಡ ಬಳಿಕ. ಈ ಎರಡೆಡೆಗಳಲ್ಲಿಯೂ ಗುರುತಿನ ವಸ್ತುವು ಬದುಕಿರುವವರನ್ನು ಬದುಕಿರುವವರೊಡನೆ ಕೂಡಿಸಿತು. ವಸ್ತುವು ಮಾತ್ರ ಉಳಿದು, ಅದನ್ನು ಧರಿಸಿದವನು ಹೆಸರಿಲ್ಲದ ಶವವಾಗಿ ಕಡಲಿನಿಂದ ಮೇಲೆ ಬಂದರೆ, ಅದನ್ನು ಯಾರಿಗೆ ತೋರಿಸುವುದು? ಕವಿಗಳಿಗೆ ಒದಗದ ಈ ಪ್ರಶ್ನೆಯು ಇಟಲಿ ದೇಶದ ವೈದ್ಯರಿಗೆ ಒದಗಿತು.

2015ನೆಯ ಇಸವಿ ಏಪ್ರಿಲ್ 18ರ ರಾತ್ರಿ, ಲಿಬಿಯಾದ ತೀರದಿಂದ ಹೊರಟ ಮೀನುದೋಣಿಯೊಂದು ಮೆಡಿಟರೇನಿಯನ್ ಸಮುದ್ರದಲ್ಲಿ, ನೆರವಿಗೆಂದು ಬಂದ ಸರಕಿನ ಹಡಗಿಗೇ ತಾಗಿ ಮುಳುಗಿತು. ಬದುಕಿದವರು 28 ಮಂದಿ. ಅಳಿದವರು ಅನೇಕ ನೂರು. ದೋಣಿಯು ಸುಮಾರು 370 ಮೀಟರುಗಳ ಆಳದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. 2016ರಲ್ಲಿ ಇಟಲಿಯ ನೌಕಾಸೈನ್ಯವು ಅದನ್ನು ಮೇಲೆತ್ತಿ ಸಿಸಿಲಿಯ ಮೆಲಿಲ್ಲಿಗೆ ತಂದಿತು. ಬೆಂಕಿ ಆರಿಸುವ ದಳದವರು ಶವಗಳನ್ನು ಹೊರತೆಗೆದರು. ಹಲವು ವಿಶ್ವವಿದ್ಯಾಲಯಗಳ ವೈದ್ಯರು ಸಂಬಳವನ್ನು ಬೇಡದೆ ಬಂದು ಪರೀಕ್ಷಿಸಿದರು. ಅವರಿಗೆ ಮುಂದಾಳಾಗಿದ್ದವರು ಮಿಲಾನ್ ವಿಶ್ವವಿದ್ಯಾಲಯದ ಕ್ರಿಸ್ತೀನಾ ಕತ್ತಾನೆಯೋ ಎಂಬ ವಿದುಷಿ.

ಆ ಶವಗಳಲ್ಲಿ ಒಂದು ಹುಡುಗನದು. ಎಲುಬಿನ ಬೆಳವಣಿಗೆಯನ್ನು ನೋಡಿ ವಯಸ್ಸು ಹದಿನಾಲ್ಕರ ಸುಮಾರು ಎಂದು ನಿರ್ಣಯಿಸಿದರು. ಅವನ ಜಾಕೀಟಿನೊಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಹೊಲಿಗೆಯನ್ನು ಬಿಚ್ಚಿದಾಗ ಮಡಿಸಿದ ಕಾಗದವೊಂದು ಹೊರಬಂದಿತು. ಅದು ಫ್ರೆಂಚ್ ಭಾಷೆಯಲ್ಲಿದ್ದ ಶಾಲೆಯ ಅಂಕಪಟ್ಟಿ. ಗಣಿತ, ಭೌತವಿಜ್ಞಾನ ಮೊದಲಾದ ವಿಷಯಗಳ ಹೆಸರುಗಳು ಮಾಸಿದ್ದರೂ ಓದುವಂತಿದ್ದುವು. ಹುಡುಗನು ಆಫ್ರಿಕದ ಮಾಲಿ ದೇಶದವನು. ಹೊಲಿದವರು ತಾಯಿಯೋ, ಅವನೇಯೋ, ಹೇಳುವವರಿಲ್ಲ. ಹಣವನ್ನು ಹೊಲಿದಿಡುವ ಎಡೆಯಲ್ಲಿ ಅಂಕಗಳನ್ನು ಹೊಲಿದಿಟ್ಟಿದ್ದರು. ಪರದೇಶದ ಬಾಗಿಲಿನಲ್ಲಿ ಇದನ್ನು ತೆಗೆದು ತೋರಿಸಿದರೆ, ತಾನು ಓದಬಲ್ಲವನು, ಉಪಯೋಗಕ್ಕೆ ಬರತಕ್ಕವನು ಎಂದು ಅಲ್ಲಿಯವರು ತಿಳಿದಾರೆಂಬ ನಂಬಿಕೆಯಿಲ್ಲದೆ ಯಾವ ಹುಡುಗನೂ ಹಾಗೆ ಮಾಡುವುದಿಲ್ಲ. ಊರಿನ ಹುಡುಗರು ಅಂಕಪಟ್ಟಿಯನ್ನು ತಂದೆಯ ಕಣ್ಣಿಗೆ ಬೀಳದಂತೆ ಬಚ್ಚಿಡುವುದುಂಟು. ಇವನು ಬಚ್ಚಿಟ್ಟುದು ಲೋಕಕ್ಕೆ ತೋರಿಸಲೆಂದು.

ಎರಿಟ್ರಿಯದವರ ಬಟ್ಟೆಗಳಲ್ಲಿ ಇನ್ನೊಂದು ಬಗೆಯ ಗಂಟು ಸಿಕ್ಕುತ್ತಿತ್ತು. ಸಣ್ಣ ಪೊಟ್ಟಣದಲ್ಲಿ ಕಂದುಬಣ್ಣದ ಪುಡಿ. ಮಾದಕ ವಸ್ತುವಿರಬಹುದೆಂದು ಮೊದಲು ಸಂಶಯಪಟ್ಟರಂತೆ. ಅದು ಹುಟ್ಟಿದೂರಿನ ಮಣ್ಣು.

ಇಂತಹ ವಸ್ತುಗಳಿಂದಲೇ ಹೆಸರನ್ನು ನಿಶ್ಚಯಿಸಲು ಶಾಸ್ತ್ರವು ಒಪ್ಪುವುದಿಲ್ಲ. ಬೆರಳಚ್ಚು, ಹಲ್ಲು, ಡಿ.ಎನ್.ಎ. ಇವು ಮೂರೇ ಮುಖ್ಯ ಪ್ರಮಾಣಗಳು. ಬಟ್ಟೆಬರೆಗಳದು ಎರಡನೆಯ ಸ್ಥಾನ. ಈ ಎಚ್ಚರವು ಯುಕ್ತವಾದುದೇ. ಚಳಿಗೆ ನಡುಗುವವನಿಗೆ ಇನ್ನೊಬ್ಬನು ತನ್ನ ಅಂಗಿಯನ್ನು ಕೊಟ್ಟಿರಬಹುದು. ಒಬ್ಬನ ಕಾಗದ ಇನ್ನೊಬ್ಬನ ಜೇಬಿನಲ್ಲಿರಬಹುದು. ಆದರೆ ಹೋಲಿಸಿ ನೋಡುವುದಕ್ಕೆ ಮನೆಯವರ ರಕ್ತವಾದರೂ ಬೇಕಷ್ಟೆ. ಅವರು ಇರುವುದೆಲ್ಲಿ? ದಂತವೈದ್ಯನ ಮುಖವನ್ನೇ ಕಾಣದವನ ಹಲ್ಲಿನ ಚಿತ್ರವನ್ನು ತರುವವರಾರು? ಮಗನು ದೇಶಬಿಟ್ಟನೆಂಬುದನ್ನು ಸರ್ಕಾರದ ಭಯದಿಂದ ಬಾಯಿಬಿಟ್ಟು ಹೇಳಲಾರದ ತಂದೆತಾಯಿಗಳೂ ಇರುವರು. ಆಗ ಪೊಟ್ಟಣದ ಮಣ್ಣು, ಜೇಬಿನ ಚೀಟಿಯಲ್ಲಿ ಬರೆದ ದೂರವಾಣಿಯ ಸಂಖ್ಯೆ, ಕೊರಳಿನ ಸರ, ಇವೇ ಯಾವ ದೇಶದಲ್ಲಿ ಯಾರ ಮನೆಯನ್ನು ವಿಚಾರಿಸಬೇಕೆಂಬುದಕ್ಕೆ ದಾರಿ ತೋರಿಸುತ್ತವೆ.

ಸತ್ತವರಿಗೆ ಹೆಸರಿನಿಂದ ಏನು ಪ್ರಯೋಜನವೆಂದು ಕೇಳುವವರು ಉಂಟು. ಮರಣಪತ್ರವಿಲ್ಲದೆ ವಿಧವೆಯು ವಿಧವೆಯೆನ್ನಿಸಿಕೊಳ್ಳಲಾರಳು. ಅನಾಥ ಶಿಶುವನ್ನು ಪರದೇಶದಲ್ಲಿರುವ ಬಂಧುವಿನ ಬಳಿಗೆ ಕಳುಹಿಸಲು ಅಧಿಕಾರಿಗಳು ಕಾಗದವನ್ನು ಕೇಳುವರು. ನಮ್ಮ ಧರ್ಮಶಾಸ್ತ್ರಕಾರರೂ, ಸುಳಿವಿಲ್ಲದೆ ಹೋದವನಿಗಾಗಿ ವರ್ಷಗಟ್ಟಲೆ ಕಾಯಬೇಕೆಂದು ವಿಧಿಸಿ, ಕಡೆಗೆ ಪಲಾಶದ ಪ್ರತಿಕೃತಿಯನ್ನು ಮಾಡಿ ಸಂಸ್ಕರಿಸಬೇಕೆಂದರು. ಕಾಯುವ ಮನೆಯವರ ಸಂಕಟವನ್ನು ಅವರು ಅರಿಯದವರಲ್ಲ.

2013ರ ಅಕ್ಟೋಬರ್ 3ರಂದು ಲಾಂಪೆದೂಸಾ ದ್ವೀಪದ ಬಳಿ ಮತ್ತೊಂದು ದೋಣಿ ಮುಳುಗಿ 360ಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಅವರ ಬಂಧುಗಳಲ್ಲಿ ಕೆಲವರು ಯೂರೋಪಿನ ಬೇರೆ ಬೇರೆ ಊರುಗಳಿಂದ ವೈದ್ಯರ ಬಳಿಗೆ ಬಂದರು. ಬಂದವರು ತಮ್ಮಲ್ಲಿದ್ದ ಭಾವಚಿತ್ರಗಳನ್ನು ಮೇಜಿನ ಮೇಲಿಟ್ಟರು. ವೈದ್ಯರು ಶವಗಳ ಮತ್ತು ಉಡುಪುಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಕೆಲವರಿಗೆ ಗುರುತು ಸಿಕ್ಕಿತು. ಸಿಕ್ಕದವರು ತಾವು ತಂದ ಚಿತ್ರಗಳನ್ನು ಅಲ್ಲಿಯೇ ಬಿಟ್ಟುಹೋದರು.