ಚೂರು ಅರಿವೆಗೂ ಒಂದು ಜಾಗ

ಹೊಲಿಗೆ ಮಷಿನ್ ಇರುವ ಮನೆಯಲ್ಲಿ ಅರಿವೆ ಗಂಟು ಇಲ್ಲದಿರುವುದು ಅಪರೂಪ. ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ನಡುವೆ ತುಂಡುಗಳನ್ನೆಲ್ಲ ಸುರಿದು, ನಾಲ್ಕು ಮೂಲೆ ಕೂಡಿಸಿ ಬಿಗಿದರೆ ಗಂಟಾಯಿತು. ನಮ್ಮ ಧಾರವಾಡದ ಕಡೆ ಅದು ಅಟ್ಟದ ಮೇಲೋ, ಮಂಚದ ಕೆಳಗೋ, ಟ್ರಂಕಿನ ಹಿಂದೋ ಕೂತಿರುತ್ತದೆ. ಜಂಪರ್ ಹೊಲಿದು ಉಳಿದದ್ದು, ಲಂಗ ಗಿಡ್ಡ ಮಾಡುವಾಗ ಕತ್ತರಿಸಿದ್ದು, ಪರದೆಗೆಂದು ತಂದು ಹೆಚ್ಚಾದದ್ದು, ಯಾರೋ ಉಡಿ ತುಂಬುವಾಗ ಕೊಟ್ಟ ಖಣ ಎಲ್ಲವೂ ಅದರೊಳಗೆ. ಈ ಗಂಟೆಂದರೆ ನನಗೆ ಬಹಳ ಪ್ರೀತಿ. ಆ ಪ್ರೀತಿಯಿಂದಲೇ ಹೇಳುತ್ತೇನೆ: ಕಟ್ಟಿಟ್ಟ ಅರಿವೆ ಮರೆತ ಅರಿವೆ. ಬಿಚ್ಚಿ, ಬೇರೆ ಬೇರೆ ಮಾಡಿ, ಕಣ್ಣಿಗೆ ಕಾಣುವ ಹಾಗೆ ಇಟ್ಟರಷ್ಟೇ ಅದು ಮತ್ತೆ ಕೈಗೆ ಬರುತ್ತದೆ.

ಚೂರುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಜಂಪರಿನ ಬೆನ್ನಿನ ಕಡೆ ಕೊರಳು ಕತ್ತರಿಸಿದಾಗ ಬೀಳುವ ತುಂಡು. ಅರಿವೆಯನ್ನು ಮಡಿಚಿ ಕತ್ತರಿಸುವುದರಿಂದ ಬಿದ್ದಾಗ ಅದು ಅರ್ಧವಾಗಿ ಕಾಣುತ್ತದೆ. ಬಿಡಿಸಿದರೆ ಒಂದು ಕಡೆ ನೇರ, ಇನ್ನೊಂದು ಕಡೆ ದುಂಡು. ನಟ್ಟನಡುವೆ ಮಡಿಕೆಯ ಗೆರೆ, ದುಂಡು ಅಂಚಿನಲ್ಲಿ ಅಳಿಯದೆ ಉಳಿದ ಚಾಕಿನ ಗುರುತು. ಆ ಗೆರೆಯ ಉದ್ದಕ್ಕೆ ಎಳೆದರೆ ಅರಿವೆ ಜಗ್ಗುವುದಿಲ್ಲ. ದುಂಡಿನ ಓರೆಯಲ್ಲಿ ಎಳೆದರೆ ಮೆತ್ತಗೆ ಜಗ್ಗುತ್ತದೆ. ಇಂಥ ಎರಡು ತುಂಡು, ಒಳಗೊಂದು ಅಸ್ತರು, ಮೇಲೊಂದು ಗುಂಡಿ ಇದ್ದರೆ ಚಿಲ್ಲರೆ ಹಾಕುವ ಚೀಲ ಸಿದ್ಧ. ದುಂಡು ಕೆಳಗೆ ಬರುತ್ತದೆ, ನೇರ ಅಂಚು ಬಾಯಾಗುತ್ತದೆ. ಕತ್ತರಿಯೇ ಅರ್ಧ ಕೆಲಸ ಮುಗಿಸಿ ಕೊಟ್ಟಿರುತ್ತದೆ.

ಗುಳೇದಗುಡ್ಡದ ಖಣದ ಚೂರಂತೂ ಒಂದು ಬೆರಳಗಲ ಇದ್ದರೂ ಎಸೆಯಲು ಮನಸ್ಸು ಬಾರದು. ತೇರು, ಆನೆ ಹೆಜ್ಜೆ ಎಂದೆಲ್ಲ ಹೆಸರಿರುವ ಆ ಸಣ್ಣ ಬುಟ್ಟಾಗಳು ಮಗ್ಗದಲ್ಲೇ ನೇಯ್ದು ಬಂದವು. ತೋಳಿಗೆ ಅಂಚು ಕೂಡಿಸಿದ ಮೇಲೆ ಉಳಿಯುವ ಪಟ್ಟಿಯನ್ನು ನಾನು ರಟ್ಟಿಗೆ ಸುತ್ತಿ ಇಡುತ್ತೇನೆ. ನಡುವಿನ ತುಂಡುಗಳಿಂದ ಕೂಸಿನ ಕುಂಚಿಗೆ, ಎಲೆ-ಅಡಿಕೆಯ ಸಂಚಿ, ದೇವರ ಮುಂದಿನ ಹಾಸು ಎಷ್ಟೋ ಆಗುತ್ತವೆ. ನಮ್ಮ ಅವ್ವ ಹೇಳುತ್ತಿದ್ದುದು ಒಂದೇ ಮಾತು: “ಚೂರಂತ ಒಗೀಬ್ಯಾಡವಾ, ಯಾವುದಕರ ಬರ್ತದ.”

ಆದರೆ “ಯಾವುದಕ್ಕಾದರೂ” ಬರಬೇಕಾದರೆ ಅದು ಏನೆಂದು ಗೊತ್ತಿರಬೇಕು. ಬಹಳ ಜನ ಬಣ್ಣ ನೋಡಿ ವಿಂಗಡಿಸುತ್ತಾರೆ. ಸಾಲಾಗಿ ಜೋಡಿಸಿದಾಗ ಚೆಂದವೂ ಕಾಣುತ್ತದೆ. ನಾನು ಮೊದಲು ನೋಡುವುದು ನೂಲು. ಹತ್ತಿ ಒಂದು ಕಡೆ, ರೇಷ್ಮೆ ಒಂದು ಕಡೆ, ಪಾಲಿಯೆಸ್ಟರ್ ಇನ್ನೊಂದು ಕಡೆ. ಕಾರಣ ಸರಳ. ಹೊಸ ಹತ್ತಿ ನೀರು ಕಂಡೊಡನೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಕೂಡಿಸಿ ಹೊಲಿದರೆ ಮೊದಲ ಒಗೆತಕ್ಕೇ ಹೊಲಿಗೆಯುದ್ದಕ್ಕೂ ಸುಕ್ಕು. ಹತ್ತಿಗೆ ಬೇಕಾದ ಇಸ್ತ್ರಿಯ ಬಿಸಿಗೆ ಪಾಲಿಯೆಸ್ಟರ್ ಕರಗಿ ಅಂಟುತ್ತದೆ. ಯಾವುದು ಯಾವುದೆಂದು ತಿಳಿಯದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಹತ್ತಿ ಸುಟ್ಟ ಕಾಗದದ ವಾಸನೆ ಬಿಟ್ಟು ಹಗುರ ಬೂದಿಯಾಗುತ್ತದೆ. ರೇಷ್ಮೆಗೆ ಸುಟ್ಟ ಕೂದಲಿನ ವಾಸನೆ. ಪಾಲಿಯೆಸ್ಟರ್ ಕರಗಿ ಸಾಸಿವೆ ಕಾಳಿನಂಥ ಗಟ್ಟಿ ಮಣಿಯಾಗುತ್ತದೆ. ಟೆರಿಕಾಟ್ ಹತ್ತಿ, ಪಾಲಿಯೆಸ್ಟರ್ ಎರಡರ ಗುಣವನ್ನೂ ಒಂದಿಷ್ಟು ತೋರಿಸುತ್ತದೆ.

ನೂಲಿನ ನಂತರ ಅಳತೆ. ಜಂಪರಿಗೆ ಸಾಲುವಷ್ಟು, ಅಂದರೆ 80 ಸೆಂಟಿಮೀಟರಿಗೂ ಮಿಕ್ಕಿದ್ದರೆ ಅದು ಚೂರಲ್ಲ, ಅರಿವೆ. ಅದನ್ನು ಒಂದೇ ಅಗಲಕ್ಕೆ ಮಡಿಚಿ, ಪುಸ್ತಕ ನಿಲ್ಲಿಸಿದಂತೆ ಪಕ್ಕಪಕ್ಕಕ್ಕೆ ನಿಲ್ಲಿಸಿದರೆ ಒಂದನ್ನು ತೆಗೆಯಲು ಹತ್ತನ್ನು ಕೆಡವಬೇಕಿಲ್ಲ. ಉದ್ದ, ನೂಲು, ತೊಳೆದದ್ದೋ ಅಲ್ಲವೋ ಎಂದು ಚೀಟಿಯಲ್ಲಿ ಬರೆದು ಮೂಲೆಗೆ ಎರಡು ಹೊಲಿಗೆ ಹಾಕಿಬಿಡುತ್ತೇನೆ. ಗುಂಡುಪಿನ್ನು ಚುಚ್ಚಿದರೆ ಮಳೆಗಾಲದಲ್ಲಿ ತುಕ್ಕಿನ ಕಲೆ ಖಂಡಿತ. ಅಂಗೈಗಿಂತ ದೊಡ್ಡ ತುಂಡುಗಳು ಇಸ್ತ್ರಿಯಾಗಿ ಡಬ್ಬಿಗೆ, ಉದ್ದ ಪಟ್ಟಿಗಳು ಸುರುಳಿಯಾಗಿ ಇನ್ನೊಂದಕ್ಕೆ. ಅಂಗೈಗಿಂತ ಸಣ್ಣವು ಸೂಜಿ ಚುಚ್ಚುವ ದಿಂಬಿನ ಹೊಟ್ಟೆಗೆ.

ಇಡುವುದೆಂದರೆ ಮುಖ್ಯವಾಗಿ ನುಸಿಯಿಂದ ಮತ್ತು ತೇವದಿಂದ ಕಾಯುವುದು. ಗಂಜಿ ಹಾಕಿದ ಅರಿವೆಯನ್ನು ಹಾಗೇ ಎತ್ತಿಟ್ಟರೆ ಹುಳುಗಳಿಗೆ ಊಟ ಬಡಿಸಿದ ಹಾಗೆಯೇ. ತೊಳೆದು, ಗಂಜಿ ಬಿಡಿಸಿ, ಪೂರ್ತಿ ಒಣಗಿದ ಮೇಲೆಯೇ ಒಳಗಿಡಬೇಕು. ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದರೆ ಒಳಗಿನ ತೇವ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಹಳೆಯ ಮೆತ್ತನೆಯ ಧೋತರದಲ್ಲಿ ಸುತ್ತಿಟ್ಟರೆ ಅರಿವೆಗೆ ಗಾಳಿಯಾಡುತ್ತದೆ. ನಡುವೆ ಒಣಗಿದ ಬೇವಿನ ಎಲೆ, ಬಜೆಯ ತುಂಡು, ಲಾವಂಚದ ಬೇರು ಸಣ್ಣ ಚೀಲದಲ್ಲಿ ಇಡಬಹುದು. ಜರಿಗೆ ಡಾಂಬರು ಗುಳಿಗೆ ತಾಗಬಾರದು. ರೇಷ್ಮೆಯನ್ನು ಆಗಾಗ ಬಿಡಿಸಿ, ನೆರಳಲ್ಲಿ ಗಾಳಿಗೆ ಹರವಿ, ಬೇರೆ ಗೆರೆಯಲ್ಲಿ ಮಡಿಚಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಗೆರೆಗೇ ಸೀಳುತ್ತದೆ.

ಇಷ್ಟೆಲ್ಲ ಮಾಡುವುದು ಕೊನೆಗೆ ಕೌದಿಗಾಗಿ. ಹಳೆಯ ಸೀರೆ, ಧೋತರಗಳನ್ನು ಪದರಾಗಿ ಹಾಸಿ, ಮೇಲೆ ಚೂರುಗಳನ್ನು ಜೋಡಿಸಿ, ದೊಡ್ಡ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿಯುತ್ತ ಹೋಗುವ ಕೆಲಸ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಇದನ್ನು ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಸುತ್ತುತ್ತ ನಡುವಿನ ಕಡೆ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ತ್ರಿಕೋನದ ತುಂಡುಗಳನ್ನು ಕೂಡಿಸುತ್ತಾರೆ. ಅದು ‘ಫುಲ’, ಹೂವು. ಮೂಲೆಗೆ ಹೂವಿಲ್ಲದೆ ಅವರ ಕವಂದಿ ಪೂರ್ತಿಯಾಗುವುದಿಲ್ಲ. ಚೂರಿನಲ್ಲೂ ಚೂರಾದ ತುಂಡಿಗೆ ಅಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ.

ಒಳ್ಳೆಯ ಕೌದಿಗೆ ಬೇಕಾದ್ದು ಒಗೆದು ಒಗೆದು ಮೆತ್ತಗಾದ ಹತ್ತಿ. ಸೂಜಿ ಸಲೀಸಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ಬೆವರು ಹೀರುತ್ತದೆ, ಚಳಿಗೆ ಪದರಗಳ ನಡುವಿನ ಗಾಳಿ ಬೆಚ್ಚಗಿಡುತ್ತದೆ. ಅದಕ್ಕೇ ವಿಂಗಡಿಸಿಟ್ಟ ಹತ್ತಿಯ ಡಬ್ಬಿಯೇ ಮನೆಯ ಅರಿವೆಗಳಲ್ಲಿ ಹೆಚ್ಚು ಬೆಲೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲರಿಗೂ ಹೊಲಿಯುವ ಪುರುಸೊತ್ತು ಇರುವುದಿಲ್ಲ. ಎರಡು ಮಳೆಗಾಲ ಕಳೆದರೂ ನಿಮ್ಮ ಕೈಗೆ ಬಾರದ ಹತ್ತಿಯನ್ನು ತೊಳೆದು, ಒಣಗಿಸಿ, ಕೌದಿ ಹೊಲಿಯುವವರಿಗೆ ಕೊಡಿ. ನಿಮ್ಮದೇ ಅರಿವೆಯಿಂದ ಮನೆಗೊಂದು ಕೌದಿ ಹೊಲಿಸಿಕೊಳ್ಳಿ. ಸಾವಿರಾರು ಹೊಲಿಗೆ ಕೈಯಿಂದಲೇ ಬಿದ್ದಿರುತ್ತವೆ. ಕೂಲಿ ಕೊಡುವಾಗ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ.