ಉಡುಪು ಮಾತ್ರ ಇರುವ ಸಮಾಧಿ

ಚೀನಾದ ಷಿಯಾನ್ ನಗರದಿಂದ ಉತ್ತರಕ್ಕೆ ಹೊರಟೆವು, ನಾನು, ಮಗ ಮತ್ತು ಎಂಟು ವರ್ಷದ ಮೊಮ್ಮಗಳು. ದಾರಿಯುದ್ದಕ್ಕೂ ಹಳದಿ ಮಣ್ಣಿನ ದಿಬ್ಬಗಳು. ಲಕ್ಷಾಂತರ ವರ್ಷ ಗಾಳಿ ಹೊತ್ತು ತಂದು ಸುರಿದ ಧೂಳು ಅದು. ಹಳದಿ ನದಿಗೆ ಆ ಬಣ್ಣ ಬಂದದ್ದೂ ಈ ಮಣ್ಣಿನಿಂದಲೇ.

ಈ ನೆಲದ ಪುರಾಣದ ಮೊದಲ ಅರಸರಲ್ಲಿ ಒಬ್ಬನ ಹೆಸರು ಹುವಾಂಗ್‌ಡಿ, ಅಂದರೆ ಹಳದಿ ಚಕ್ರವರ್ತಿ. ಅವನಿಗೂ ಮೊದಲು ಫೂಷಿ ಎಂಬವನು ಬಲೆ ಹೆಣೆಯಲು ಕಲಿಸಿದನಂತೆ. ಶೆನ್‌ನೊಂಗ್ ಬೇಸಾಯ ಕಲಿಸಿದ, ನೂರಾರು ಗಿಡಮೂಲಿಕೆಗಳನ್ನು ತಾನೇ ತಿಂದು ನೋಡಿದನಂತೆ. ಹುವಾಂಗ್‌ಡಿಯ ಹೆಂಡತಿ ಲೇಜು ಚಹಾ ಕುಡಿಯುವಾಗ ರೇಷ್ಮೆಗೂಡೊಂದು ಬಟ್ಟಲಿಗೆ ಬಿತ್ತು, ಎತ್ತಲು ಹೋದರೆ ನೂಲು ಬಿಚ್ಚಿಕೊಂಡಿತು! ಮಂತ್ರಿ ತ್ಸಾಂಗ್‌ಜಿಯೆ ಹಕ್ಕಿಗಳ ಹೆಜ್ಜೆಗುರುತು ನೋಡಿ ಅಕ್ಷರ ಮಾಡಿದ. ಇವೆಲ್ಲ ಕಥೆಗಳು, ಚರಿತ್ರೆಯಲ್ಲ.

ಹುವಾಂಗ್‌ಲಿಂಗ್ ಊರಿನ ದೇಗುಲದ ಅಂಗಳದಲ್ಲಿ ಒಂದು ಮುದಿ ಸೈಪ್ರೆಸ್ ಮರವಿದೆ. ಅದನ್ನು ಹುವಾಂಗ್‌ಡಿಯೇ ನೆಟ್ಟನೆಂದು ನಂಬಿಕೆ. ಏಳು ಜನ ಕೈ ಚಾಚಿ ತಬ್ಬಿದರೂ ಸಾಲದು ಎಂಬುದು ಊರವರ ಮಾತು. ಮೊಮ್ಮಗಳು ಕತ್ತೆತ್ತಿ ನೋಡಿ, "ಅಜ್ಜಾ, ಇದು ನಿಮಗಿಂತಲೂ ಹಳೇದಾ?" ಎಂದಳು.

ಹಿಂದಿನ ಬೆಟ್ಟದ ಮೇಲೆ, ಸಾವಿರಾರು ಸೈಪ್ರೆಸ್ ಮರಗಳ ನಡುವೆ ಸಮಾಧಿ. ನೋಡಲು ಹುಲ್ಲು ಬೆಳೆದ ಮಣ್ಣಿನ ಗುಡ್ಡೆ, ಅಷ್ಟೇ. ಅಲ್ಲಿ ಕೂತು ನಾನು ಕಥೆ ಹೇಳಿದೆ. ಅರಸನನ್ನು ಕರೆದೊಯ್ಯಲು ಆಕಾಶದಿಂದ ಡ್ರ್ಯಾಗನ್ ಇಳಿದು ಬಂತು. ಅವನು ಬೆನ್ನೇರಿದ. ಜೊತೆಗೆ ಎಪ್ಪತ್ತಕ್ಕೂ ಹೆಚ್ಚು ಜನ ಹತ್ತಿದರು. ಜಾಗ ಸಿಗದವರು ಡ್ರ್ಯಾಗನ್ನಿನ ಗಡ್ಡ ಹಿಡಿದು ಜೋತುಬಿದ್ದರು. ಗಡ್ಡ ಕಿತ್ತುಬಂತು, ಅರಸನ ಬಿಲ್ಲೂ ಬಿತ್ತು. ಜನ ಆ ಬಿಲ್ಲನ್ನೇ ಅಪ್ಪಿಕೊಂಡು ಅತ್ತರು.

"ಮೇಲೆ ಹೋದ ಅಂದ್ರೆ ಈ ಸಮಾಧಿ ಯಾರದ್ದು?"

ನನಗೆ ನಗು ಬಂತು. ಕ್ರಿ.ಪೂ. 110ರಲ್ಲಿ ಹಾನ್ ವಂಶದ ಚಕ್ರವರ್ತಿ ವೂ, ಹುವಾಂಗ್‌ಡಿಯ ಸಮಾಧಿಗೆ ಪೂಜೆ ಸಲ್ಲಿಸಿದಾಗ ಕೇಳಿದ್ದೂ ಇದನ್ನೇ! ಇತಿಹಾಸಕಾರ ಸೀಮಾ ಚಿಯಾನ್ ಅದನ್ನು ಬರೆದಿಟ್ಟಿದ್ದಾನೆ. ಚಕ್ರವರ್ತಿಗೆ ಸಿಕ್ಕ ಉತ್ತರ: ಅರಸ ಮೇಲೆ ಹೋದ, ಇಲ್ಲಿ ಹೂಳಿದ್ದು ಅವನ ಉಡುಪು ಮತ್ತು ಟೋಪಿಯನ್ನು ಮಾತ್ರ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಜ್ಜಾ, ನಿಮ್ಮ ಪೆಟ್ಟಿಗೆಯಲ್ಲಿ ಅಜ್ಜಿಯ ಹಸಿರು ಸೀರೆ ಇದೆಯಲ್ಲ, ಹಾಗೇನಾ?"

ಮಗ ಬೇರೆ ಕಡೆ ನೋಡಿದ. ನಾನು, "ಹೌದು ಪುಟ್ಟಿ, ಹಾಗೇನೇ" ಎಂದೆ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಚೀನೀಯರು ಹಿರಿಯರನ್ನು ನೆನೆಯುವ ಹಬ್ಬ ಬರುತ್ತದೆ, ನಮ್ಮ ಮಹಾಲಯದಂತೆ. ಆಗ ಇಲ್ಲಿಯೂ ದೊಡ್ಡ ಪೂಜೆ. ನಾವು ಹೋದ ದಿನ ಹಬ್ಬವಿರಲಿಲ್ಲ. ಮೊಮ್ಮಗಳು ಕೆಳಗೆ ಬಿದ್ದಿದ್ದ ಸೈಪ್ರೆಸ್ ಕಾಯೊಂದನ್ನು ಆರಿಸಿ, ಗುಡ್ಡೆಯ ಮುಂದಿಟ್ಟು ಕೈಮುಗಿದಳು. ನಾನೂ ಮುಗಿದೆ.